ಜಯಲತಾ ಕೊಟ್ಟ ಮಾರ್ಕು

"ಮಮ್ಮಿ, ತುಳು ಬೇಡ," ಎಂದು ಮಾನಸಿ ಮೇಜಿನಡಿಯಲ್ಲಿ ತಾಯಿಯ ಕಾಲು ಒತ್ತಿದಳು.

ಜಯಲತಾ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಆ ಬಾರಿನ ವೇಟರ್ ನೀರಿನ ಗ್ಲಾಸು ಇಟ್ಟು ಆರ್ಡರಿಗೆ ಕಾಯುತ್ತಿದ್ದ. ಅವನು ನಿಂತ ರೀತಿ, ಹೆಗಲ ಮೇಲಿನ ನ್ಯಾಪ್ಕಿನ್, ಕೊನೆಗೆ ಅವನ ಮೂಗು ಕೂಡ ಕಿನ್ನಿಗೋಳಿ ಕಡೆಯದು. ಅಂಥವನನ್ನು ಎದುರಿಗೆ ನಿಲ್ಲಿಸಿಕೊಂಡು 'ಊರು ಎಲ್ಲಿ' ಎಂದು ಕೇಳದೆ ಇರುವುದೆಂದರೆ ಅವರಿಗೆ ಬಂದ ಸೀನನ್ನು ತಡೆದುಕೊಂಡಷ್ಟು ಕಷ್ಟ.

"ಏಕ್ ನಾಚೋಸ್," ಎಂದಳು ಮಾನಸಿ. "ಔರ್ ದೋ ಫ್ರೆಶ್ ಲೈಮ್."

ಹಿಂದಿನ ಶನಿವಾರ ಕಲ್ಯಾಣದ ಬಾರಿನಲ್ಲಿ ಎಡವಟ್ಟಾದದ್ದು ಹೀಗೆಯೇ. ಅಲ್ಲಿ ಜಯಲತಾ ಊರು ಕೇಳಿದರು, ವೇಟರ್ ಕಟಪಾಡಿ ಎಂದ. ಕಟಪಾಡಿಯಲ್ಲಿ ಯಾರ ಮನೆ ಎಂದರು. ಮೂರನೆಯ ಪ್ರಶ್ನೆಗೆ ಇವರು ವಾಗ್ಳೆ ಎಸ್ಟೇಟಿನ ಸುಪ್ರಭಾ ಬಾರಿನ ಸರ್ವೋತ್ತಮ ಶೆಟ್ಟರ ಹೆಂಡತಿ ಎಂಬುದು ಬಯಲಾಯಿತು. ಅಲ್ಲಿಗೆ ಮುಗಿಯಿತು. ಕಲ್ಯಾಣದ ಆ ಬಾರಿನ ಧನಿಯೇ ಒಳಗಿನಿಂದ ಓಡಿ ಬಂದರು. ಎರಡು ಪಟ್ಟು ಚೀಸ್ ಸುರಿದ ನಾಚೋಸ್ ಬಂತು, ಹಿಂದೆಯೇ ಯಾರೂ ಕೇಳದ ಕೋರಿ ರೊಟ್ಟಿ ಬಂತು, ಬಿಲ್ಲು ಮಾತ್ರ ಬರಲಿಲ್ಲ. "ಇದಕ್ಕೆ ಮಾರ್ಕು ಹೇಗೆ ಕೊಡ್ತೀ? ಕ್ಯಾನ್ಸಲ್," ಎಂದು ಮಾನಸಿ ಮಾರ್ಕಿನ ಪುಸ್ತಕದಲ್ಲಿ ಕಲ್ಯಾಣದ ಮೇಲೆ ಗೀಟು ಎಳೆದಿದ್ದಳು. ಅಂದಿನಿಂದ ಜಯಲತಾರ ಬಾಯಿಗೆ ಬೀಗ.

ಡೊಂಬಿವಲಿಯ ತಟ್ಟೆ ಬಂತು. ಮೂರು ಮೂಲೆಯ ಗರಿಗರಿ ತುಂಡುಗಳು, ಮೇಲೆ ತುರಿದ ಚೀಸ್, ಅದರ ಮೇಲೆ, ಯಾರ ತಲೆಗೆ ಹೊಳೆಯಿತೋ ದೇವರಿಗೇ ಗೊತ್ತು, ಸೇವ್. ಪಕ್ಕದಲ್ಲಿ ಟೊಮೆಟೊ ಗೊಜ್ಜಿನಂಥದ್ದು. ಜಯಲತಾ ಒಂದು ತುಂಡು ಹಿಡಿದು ಹಿಂದೆ ಮುಂದೆ ನೋಡಿದರು. ಇದು ಹಪ್ಪಳವೋ ತಿಂಡಿಯೋ ಎಂಬುದೇ ಅವರಿಗೆ ಬಗೆಹರಿದಿರಲಿಲ್ಲ. ಹಪ್ಪಳವಾದರೆ ಬಾರಿನಲ್ಲಿ ಕುಡಿಯುವವರಿಗೆ ಪುಕ್ಕಟೆ ಕೊಡುವ ಚಕಣಾ ಆಯಿತು, ಅದಕ್ಕೆ ಇನ್ನೂರು ರೂಪಾಯಿ ಯಾಕೆ? ತಿಂಡಿಯಾದರೆ ಹೊಟ್ಟೆ ತುಂಬಬೇಕಲ್ಲ?

"ಗರಿಗರಿ ಇರುವಾಗ ತಿನ್ನುವುದಾ, ಚೀಸು ಕುಡಿದು ಮೆತ್ತಗಾದ ಮೇಲಾ?" ಎಂದು ಪಿಸುಗುಟ್ಟಿದರು.

"ದೋನೋ ಚಲ್ತಾ ಹೈ, ಮಮ್ಮಿ."

ಎರಡೂ ನಡೆಯುತ್ತದೆ ಎಂದರೆ ಮಾರ್ಕು ಕೊಡುವುದು ಯಾವುದಕ್ಕೆ? ದೋಸೆಯಾದರೆ ಹೀಗಿರಬೇಕು ಎಂದು ನಾಲಗೆಗೆ ಗೊತ್ತು. ಇದಕ್ಕೆ ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲ. ಕೊನೆಗೆ ಜಯಲತಾ ತಮಗೆ ತಿಳಿದದ್ದನ್ನು ಹಿಡಿದುಕೊಂಡರು. ಎಣ್ಣೆ ಮೂರನೆಯ ಸಲ ಕಾಯಿಸಿದ್ದು. ಮೆಣಸು ಬಾಯಿಗೆ ಹತ್ತುತ್ತದೆ, ಗಂಟಲಿಗಿಳಿಯುವುದಿಲ್ಲ. ಟೊಮೆಟೊ ಬೆಂದಿಲ್ಲ. "ನಾಲ್ಕು," ಎಂದರು. ಮಾನಸಿ ಬರೆದುಕೊಂಡಳು.

ಈ ನಾಲಗೆಯ ಮೇಲೆ ಈಗ ಒಂದು ಹೋಟೆಲಿನ ಹಣೆಬರಹ ನಿಂತಿತ್ತು. ವಾಗ್ಳೆ ಎಸ್ಟೇಟಿನಲ್ಲಿ ಒಂದೊಂದೇ ಕಾರ್ಖಾನೆ ಮುಚ್ಚಿ ಗಾಜಿನ ಆಫೀಸುಗಳೆದ್ದ ಮೇಲೆ ಸುಪ್ರಭಾದ ಹಳೆಯ ಗಿರಾಕಿಗಳು ಚದುರಿಹೋಗಿದ್ದರು. ಹೊಸ ಹುಡುಗ ಹುಡುಗಿಯರು ಹೊರಗಿನ ಬೋರ್ಡು ನೋಡಿ ಮುಂದೆ ಹೋಗುತ್ತಿದ್ದರು. ಭಿವಂಡಿಯಲ್ಲಿ ಗೋದಾಮುಗಳ ನಡುವೆ ಮೂರು ಹೋಟೆಲು ನಡೆಸುವ, ಶೆಟ್ಟರ ಸೋದರತ್ತೆಯ ಮಗ ಜಯಶೀಲ, "ಅಣ್ಣ, ನನಗೇ ಕೊಟ್ಟುಬಿಡಿ," ಎಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದ. ಕೊಡಬೇಕೋ ಬೇಡವೋ ಎಂದು ಶೆಟ್ಟರಿಗೆ ತೀರ್ಮಾನವಾಗಲೊಲ್ಲದು. ಒಂದು ಮಧ್ಯಾಹ್ನ ಮಾನಸಿ, "ಡ್ಯಾಡಿ, ಮೆನು ಬದಲಿಸಿ ನೋಡುವ. ನಾಚೋಸ್ ಇಡಿ, ನನ್ನ ಆಫೀಸಿನವರೆಲ್ಲ ಅದನ್ನೇ ತಿನ್ನೋದು," ಎಂದಳು. ಶೆಟ್ಟರು ಸ್ವಲ್ಪ ಯೋಚಿಸಿ ಹೆಂಡತಿಯ ಕಡೆ ಕೈ ತೋರಿಸಿದರು. "ಇವಳು ನಾಲ್ಕು ಕಡೆ ತಿಂದು ನೋಡಲಿ. ಎಲ್ಲರಿಗಿಂತ ನಮ್ಮದಕ್ಕೆ ಒಂದು ಮಾರ್ಕು ಹೆಚ್ಚು ಬಂದರೆ ಇಟ್ಟುಕೊಳ್ಳುವ. ಇಲ್ಲದಿದ್ದರೆ ನವರಾತ್ರಿಗೆ ಜಯಶೀಲನಿಗೆ ಬೀಗದ ಕೈ."

ತಮಾಷೆಗೆ ಹೇಳಿದ್ದಲ್ಲ. ಇಪ್ಪತ್ತೆಂಟು ವರ್ಷದಿಂದ ಸುಪ್ರಭಾದ ಕೋಳಿ ಘೀ ರೋಸ್ಟಿನ ಮಸಾಲೆ, ಮೀನಿನ ಮಸಾಲೆ ಎಲ್ಲ ಜಯಲತಾ ಮನೆಯಲ್ಲೇ ಹುರಿದು ಪುಡಿ ಮಾಡಿ ಡಬ್ಬದಲ್ಲಿ ಕಳಿಸಿದ್ದು. ಡಬ್ಬ ಹೋಗುತ್ತಿತ್ತು, ಜಯಲತಾ ಹೋಗುತ್ತಿರಲಿಲ್ಲ. ಬಾರು ನಡೆಸುವವರ ಮನೆಯ ಹೆಂಗಸರು ಬಾರಿಗೆ ಕಾಲಿಡುವ ಪದ್ಧತಿ ಅವರಲ್ಲಿಲ್ಲ. ಶುರುವಿನ ಗಣಹೋಮಕ್ಕೆ ಒಮ್ಮೆ ಹೋಗಿದ್ದರು, ಆಗ ಅದು ಸುಣ್ಣದ ವಾಸನೆಯ ಖಾಲಿ ಹಾಲ್. ಆಮೇಲೆ ಅಲ್ಲಿ ದೀಪ ಯಾವ ಬಣ್ಣದ್ದು, ಗಂಡ ಎಲ್ಲಿ ಕೂರುತ್ತಾನೆ, ಏನೊಂದೂ ಅವರಿಗೆ ಗೊತ್ತಿರಲಿಲ್ಲ.

ಇನ್ನು ಒಳಗಿನ ಮಾತು ಹೇಳಿಬಿಡಬೇಕು. ಸುಪ್ರಭಾ ಹೋದರೆ ಹೋಗಲಿ ಎಂದೇ ಜಯಲತಾರಿಗಿದ್ದದ್ದು. ಮಗಳು ಶಾಲೆಗೆ ಸೇರಿದಂದಿನಿಂದ ಒಬ್ಬರೇ ಮಧ್ಯಾಹ್ನದ ಊಟ ಮಾಡಿ ಅವರಿಗೆ ಸಾಕಾಗಿತ್ತು. ಹೋದ ವರ್ಷ ಕಾಲು ಉಳುಕಿ ಶೆಟ್ಟರು ನಾಲ್ಕು ದಿನ ಮನೆಯಲ್ಲಿದ್ದರು. ಜಯಲತಾ ಒಂದು ದಿನ ನೀರುದೋಸೆ, ಒಂದು ದಿನ ಪತ್ರೊಡೆ ಮಾಡಿ ಎದುರು ಕೂತು ಬಡಿಸಿದ್ದರು. ಅಂಥ ದಿನಗಳು ದಿನವೂ ಬಂದರೆ ಬೇಡ ಎನ್ನುವವರು ಯಾರು? ನಮ್ಮ ನಾಚೋಸ್ ಎಷ್ಟೇ ಚೆನ್ನಾಗಿರಲಿ, ಅರ್ಧ ಮಾರ್ಕು ಕಡಿಮೆ ಹೇಳಿದರೆ ಆಯಿತು ಎಂಬ ಕಳ್ಳ ಯೋಚನೆಯೂ ಒಂದು ಇತ್ತು.

ಮುಂದಿನ ಶನಿವಾರ ಖಾರಘರ. ಗುಡ್ಡದ ಬುಡದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಹೊಸ ಬಾರು, ಮಧ್ಯಾಹ್ನ ಮೂರು ಗಂಟೆಗೆ ಕಾಲೇಜಿನ ಮಕ್ಕಳಿಂದ ಅರ್ಧ ತುಂಬಿತ್ತು. ಅಲ್ಲಿನ ನಾಚೋಸ್ ನಿಜಕ್ಕೂ ಬೇರೆ ಇತ್ತು. ಜೋಳದ ಪರಿಮಳ ಮೊದಲು ಬಂತು, ಎಣ್ಣೆ ಹೊಸದು, ಮೇಲಿನ ರಾಜ್ಮಾ ಹದವಾಗಿ ಬೆಂದಿತ್ತು. ಜಯಲತಾ ಒಂದರ ಮೇಲೊಂದು ತಿಂದರು, ತಿಂದದ್ದು ಗೊತ್ತಾಗಲಿಲ್ಲ. ಮಾನಸಿಗೆ ಆಫೀಸಿನ ಫೋನ್ ಬಂತು, ಅವಳು ಹೊರಗೆ ಹೋದಳು.

ಹಿಂದಿನ ಕಂಬಕ್ಕೆ ಒರಗಿ ಇಬ್ಬರು ವೇಟರುಗಳು ತುಳುವಿನಲ್ಲಿ ಮಾತಾಡುತ್ತಿದ್ದರು. ಎದುರು ಕೂತ ಹೆಂಗಸು ಮರಾಠಿಯವಳೆಂದೇ ಅವರ ಲೆಕ್ಕ.

"ವಾಗ್ಳೆ ಎಸ್ಟೇಟಿನ ಸರ್ವೋತ್ತಮಣ್ಣ ನಿನ್ನೆ ಪುನಃ ಬಂದಿದ್ದರು ಮಾರಾಯ."

"ಯಾಕಂತೆ?"

"ಅದೇ ಕೇಳ್ತಾರೆ. ಹೋಟೆಲು ಕೊಟ್ಟರೆ ಇಲ್ಲಿ ಗಲ್ಲಾದಲ್ಲಿ ಕೂರುವ ಕೆಲಸ ಉಂಟಾ ಅಂತ. ನಮ್ಮ ಧನಿಗೆ ನಾಚಿಕೆಯಾಗಿ ಹೋಯಿತು. ಅವರ ಕೈಕೆಳಗೆ ಕೆಲಸ ಕಲಿತವರಲ್ವಾ ಇವರು. ಸಂಬಳ ಬೇಡವಂತೆ, ಬೆಳಿಗ್ಗೆ ಬಂದು ಕೂರಲಿಕ್ಕೆ ಒಂದು ಜಾಗ ಸಾಕಂತೆ."

"ಪಾಪ. ಮನೆಯಲ್ಲಿ ಏನೋ ತಾಪತ್ರಯ ಇರಬೇಕು."

ಜಯಲತಾರ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. ತಿರುಗಿ ನೋಡಬೇಕೆನಿಸಿತು, ಕುತ್ತಿಗೆ ತಿರುಗಲಿಲ್ಲ. ಮನೆಯಲ್ಲಿ ತಾಪತ್ರಯವೆಂದರೆ ಏನು? ಮನೆಯಲ್ಲಿ ಇರುವುದು ತಾನು. ತನ್ನ ಎದುರು ಕೂತು ಉಣ್ಣುವುದಕ್ಕಿಂತ ಇನ್ನೊಬ್ಬನ ಗಲ್ಲಾದ ಹಿಂದೆ ಪುಕ್ಕಟೆ ಕೂರುವುದು ಹಿತವಾಯಿತೇ? ಸಿಟ್ಟು ಬಂತು, ಹಿಂದೆಯೇ ಅಳು ಬಂತು, ಆಮೇಲೆ ಎರಡೂ ಅಲ್ಲದ್ದೊಂದು ಬಂದು ಎದೆಯಲ್ಲಿ ಕೂತುಕೊಂಡಿತು.

"ಕಿತ್ನಾ, ಮಮ್ಮಿ?" ಮಾನಸಿ ಬಂದು ಪೆನ್ನು ತೆಗೆದಳು.

"ಏಳು," ಎಂದರು. ಎಂಟು ಎನ್ನಬೇಕೆಂದಿದ್ದರೋ ಆರು ಎನ್ನಬೇಕೆಂದಿದ್ದರೋ ಅವರಿಗೇ ನೆನಪಾಗಲಿಲ್ಲ.

ನಾಲ್ಕು ದಿನ ಅವರು ಗಂಡನನ್ನು ಏನೂ ಕೇಳಲಿಲ್ಲ. ಶೆಟ್ಟರು ಚಾ ಕುಡಿಯುವಾಗ ಸುಮ್ಮನೆ ಅವರ ಮುಖ ನೋಡುತ್ತಿದ್ದರು. ಏನು ಎಂದು ಶೆಟ್ಟರು ಕೇಳಿದರೆ, ಏನಿಲ್ಲ ಎನ್ನುತ್ತಿದ್ದರು. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಮಾರಲಿ ಎಂದರೆ ಗಂಡ ಖಾರಘರಕ್ಕೆ ಹೋಗಿ ಕೂರುತ್ತಾನೆ. ಮಾರಬೇಡ ಎಂದರೆ ವಾಗ್ಳೆ ಎಸ್ಟೇಟಿನಲ್ಲಿ ಕೂರುತ್ತಾನೆ. ಮನೆಯ ಕುರ್ಚಿ ಹೇಗೂ ಖಾಲಿ. ಹಾಗಾದರೆ ತಾನು ಮಾರ್ಕು ಕೊಡುವುದು ಯಾತಕ್ಕೆ ಎಂದು ತಲೆಬುಡ ತಿಳಿಯಲಿಲ್ಲ.

ಬುಧವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮಗಳ ಜೊತೆ ಸುಪ್ರಭಾಕ್ಕೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದದ್ದನ್ನು ಮಾನಸಿ ತಡೆದಳು. ಒಳಗೆ ದೀಪ ಹಳದಿ. ಗಲ್ಲಾದ ಹಿಂದೆ ಎತ್ತರದ ಸ್ಟೂಲು, ಅದರ ಮೇಲೆ ಕೂತು ಕೂತು ತಗ್ಗಾದ ಮೆತ್ತೆ. ತಲೆಯ ಮೇಲೆ ದುರ್ಗಾಪರಮೇಶ್ವರಿಯ ಪಟ, ಮಗ್ಗುಲಿಗೆ ಮಾನಸಿಯ ಒಂದನೆಯ ಕ್ಲಾಸಿನ ಫೋಟೋ, ಅದರ ಕೆಳಗೆ ಇವರದ್ದೇ ಮದುವೆಯ ಫೋಟೋ. ಮನೆಯ ಗೋಡೆಯಲ್ಲಿ ಆ ಫೋಟೋ ಇರಲಿಲ್ಲ. ಎಲ್ಲಿ ಹೋಯಿತೆಂದು ಜಯಲತಾ ಎಷ್ಟೋ ವರ್ಷ ಹುಡುಕಿ ಬಿಟ್ಟಿದ್ದರು.

ಶೆಟ್ಟರು ತಾವೇ ಮೇಜು ಒರೆಸಿದರು. ನೀರಿನ ಜಗ್ಗು ಹಿಡಿದು ಪಕ್ಕದಲ್ಲಿ ನಿಂತರು.

"ಶೇಖರ ಬೆಳಿಗ್ಗೆಯಿಂದ ಅದರಲ್ಲೇ ಇದ್ದಾನೆ," ಎಂದರು. ಶೇಖರ ಅಲ್ಲಿ ಇಪ್ಪತ್ತು ವರ್ಷದಿಂದ ಅಡುಗೆಯವ. ಮಾನಸಿ ತಡೆಯಲಾರದೆ ಒಲೆಯ ಹತ್ತಿರ ನೋಡಲು ಹೋದಳು.

"ಖಾರಘರಕ್ಕೆ ಯಾಕೆ ಹೋದದ್ದು ನೀವು?" ಎಂದು ಜಯಲತಾ ಕೇಳಿಯೇಬಿಟ್ಟರು.

ಜಗ್ಗಿನ ನೀರು ಸ್ವಲ್ಪ ಚೆಲ್ಲಿತು. "ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ನನಗೆ ಕೇಳಿತು."

ಶೆಟ್ಟರು ಮೇಜನ್ನು ಮತ್ತೊಮ್ಮೆ ಒರೆಸಿದರು. "ಇದು ಕೊಟ್ಟ ಮೇಲೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗುವುದು?"

"ಮನೆ ಇಲ್ವಾ?"

"ಮನೆ ನಿನ್ನದು, ಜಯಾ. ಅಲ್ಲಿ ಸಕ್ಕರೆ ಯಾವ ಡಬ್ಬಿಯಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ. ಕಾಲು ಉಳುಕಿ ನಾಲ್ಕು ದಿನ ಇದ್ದೆನಲ್ಲ, ನೀನು ಗುಡಿಸುವಾಗ ಕಾಲು ಎತ್ತಿ ಕೂತೆ, ಒರೆಸುವಾಗ ಬಾಲ್ಕನಿಗೆ ಹೋದೆ. ನೀನು ದಿನಕ್ಕೊಂದು ವಿಶೇಷ ಮಾಡಿದಿ. ನೆಂಟರಿಗೆ ಮಾಡಿದ ಹಾಗೆ. ನಾನಿದ್ದರೆ ನಿನಗೆ ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು."

"ನನಗೆ ಕಷ್ಟ ಅಂತ ನಾನು ಹೇಳಿದೆನಾ?"

"ಹೇಳುವವಳಲ್ಲ ನೀನು."

ಜಯಲತಾ ಗಂಡನನ್ನೇ ನೋಡಿದರು. ಆ ನಾಲ್ಕು ದಿನ ಒಂದೇ ಮೇಜಿನಲ್ಲಿ ಇಬ್ಬರೂ ಕೂತಿದ್ದರು. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಪರರ ಮನೆ. ಯಾರದ್ದು ಸರಿ, ಯಾರನ್ನು ಬೈಯುವುದು, ತಮ್ಮನ್ನೇ ಬೈದುಕೊಳ್ಳುವುದಾದರೂ ಯಾಕೆ, ಒಂದೂ ತೋಚಲಿಲ್ಲ.

ಅಷ್ಟರಲ್ಲಿ ತಟ್ಟೆ ಬಂತು. ಶೇಖರನೇ ತಂದಿಟ್ಟು, ಕೈ ಕಟ್ಟಿಕೊಂಡು ದೂರ ನಿಂತ. ಮಾನಸಿ ಪುಸ್ತಕ ತೆರೆದಳು. ಖಾರಘರದ ಏಳು ಎಲ್ಲಕ್ಕಿಂತ ಮೇಲಿತ್ತು.

ಜಯಲತಾ ಒಂದು ತುಂಡು ಬಾಯಿಗಿಟ್ಟರು. ಚೀಸು ಬೇಗ ಸುರಿದದ್ದರಿಂದ ಅಡಿಯದು ಆಗಲೇ ಮೆತ್ತಗಾಗಿತ್ತು. ಮೇಲಿನದು ಜೋಳಕ್ಕೆ ಶೇಖರ ಬೆರೆಸಿದ ಗೋಧಿಯ ಭಾರಕ್ಕೆ ಗಟ್ಟಿ, ಹಲ್ಲಿಗೆ ಸಿಕ್ಕಿತು. ಅವರದೇ ಘೀ ರೋಸ್ಟಿನ ಮಸಾಲೆಯನ್ನು ಶೇಖರ ಧಾರಾಳವಾಗಿ ಹಾಕಿದ್ದ, ಅದು ಚೀಸಿನ ಜೊತೆ ಜಗಳವಾಡುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು, ಐದು. ಧಾರಾಳವಾದರೆ ಐದೂವರೆ.

"ಎಷ್ಟು?" ಎಂದರು ಶೆಟ್ಟರು. ದನಿ ಸಣ್ಣಗಿತ್ತು.

ಜಯಲತಾ ಇನ್ನೊಂದು ತುಂಡು ತಿಂದು ನೀರು ಕುಡಿದರು.

"ಎಂಟು," ಎಂದರು.

ಶೇಖರ ಮುಖವೆಲ್ಲ ಅರಳಿಸಿಕೊಂಡು ಅಡುಗೆಮನೆಗೆ ಹೋದ. ಮಾನಸಿ ತಾಯಿಯ ಮುಖ ನೋಡಿದಳು, ಎಂಟು ಎಂದು ಬರೆದು, ಫೋನು ಹಿಡಿದು ಹೊರಗೆ ಹೋದಳು.

ಶೆಟ್ಟರು ಜಗ್ಗನ್ನು ಮೇಜಿನ ಮೇಲಿಟ್ಟರು. ಹೆಂಡತಿಯ ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಅವರ ದವಡೆ ಒಂದು ಕ್ಷಣ ನಿಂತಿತು. ಕಣ್ಣೆತ್ತಿ ಜಯಲತಾರನ್ನು ನೋಡಿದರು. ಜಯಲತಾ ಬೇರೆ ಕಡೆ ನೋಡಲಿಲ್ಲ.

ಶೆಟ್ಟರು ಎದುರಿನ ಕುರ್ಚಿ ಎಳೆದು ಕೂತು, ಅಡಿಯಲ್ಲಿ ಮೆತ್ತಗಾಗಿದ್ದ ತುಂಡುಗಳನ್ನು ಒಂದೊಂದಾಗಿ ತಮ್ಮ ಕಡೆಗೆ ತೆಗೆದುಕೊಂಡು ತಿನ್ನತೊಡಗಿದರು. ಗರಿಗರಿ ಉಳಿದವನ್ನು ಹೆಂಡತಿಯ ಬದಿಗೆ ಬಿಟ್ಟರು.