ಹಂಚಿನ ಮೇಲಿನ ತತ್ತಿ

ಮೀನು ಮೂರನೆಯ ಸಲ ತತ್ತಿ ಇಟ್ಟಾಗ ನಾನು ಯಾರಿಗೂ ಹೇಳಲಿಲ್ಲ. ಮೊದಲೆರಡು ಸಲ ಹೇಳಿಕೊಂಡು, ಆಮೇಲೆ ಎಲ್ಲರಿಗೂ ಉತ್ತರ ಕೊಡಬೇಕಾಗಿ ಬಂದಿತ್ತು.

ದೇಶಪಾಂಡೆ ನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಸಮುದ್ರದ ಮೀನು. ಹಂಚಿನ ಚೂರಿಗೆ ಅಂಟಿಸಿದ ತತ್ತಿ ಎಂಟು ದಿನಕ್ಕೆ ಒಡೆಯಬೇಕು. ಎರಡು ಸಲವೂ ಆರನೆಯ ಬೆಳಗ್ಗೆ ಹಂಚು ಬರಿದಾಗಿತ್ತು. ತಿಂದದ್ದು ಸೀಗಡಿ ಜಾತಿಯ, ಜೀರಿಗೆಯಷ್ಟೇ ಇರುವ ಹುಳಗಳು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬರುತ್ತವೆ. ಈ ಸಲವೂ ಹೋದರೆ ತೊಟ್ಟಿಯನ್ನೇ ತೆಗೆದುಬಿಡುವುದೆಂದು ಒಳಗೊಳಗೇ ತೀರ್ಮಾನಿಸಿದ್ದೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಮನಸ್ಸಿಟ್ಟು ಮಾಡಿದ ಕೆಲಸ ಈ ಮೀನು ಸಾಕುವುದೊಂದೇ.

ಔಷಧ ಹಾಕಿದರೆ ತತ್ತಿಯೂ ಸಾಯುತ್ತದೆ ಎಂದು ಮೀನಿನ ಅಂಗಡಿಯ ಇಕ್ಬಾಲ ಕಾಕಾ ಹೇಳಿದ್ದರು. ಸಣ್ಣ ಬಾಯಿಯ ಬಾಟಲಿಯಲ್ಲಿ ಒಣಸೀಗಡಿ ಇಟ್ಟು ಹುಳ ಹಿಡಿ ಎಂದರು. ಮಾಂಸ ಮುಟ್ಟದ ಮನೆ ನಮ್ಮದು; ಒಣಸೀಗಡಿ ಹೊಸ್ತಿಲು ದಾಟುವಂತಿಲ್ಲ. ಆಯಿ, ಎಂದರೆ ನನ್ನ ಅಜ್ಜಿ ಮುರಿಗೆವ್ವ, ಬಾಗಿಲಲ್ಲೇ ಕೂತಿರುತ್ತಾಳೆ. ನಾನು ಬೇಯಿಸಿದ ಪಾಲಕ್ ಸೊಪ್ಪು ಇಟ್ಟೆ. ಎರಡು ದಿನಕ್ಕೆ ಏಳೇ ಹುಳ ಬಂದವು.

“ಹುಳಕ್ಕೂ ದೀಕ್ಷಾ ಕೊಟ್ಟೀಯೇನಪಾ?” ಎಂದರು ಕಾಕಾ.

ಐದನೆಯ ದಿನ ತೊಟ್ಟಿಯ ಗಾಜು ಪಾಚಿಗಟ್ಟಿತ್ತು. ಬಚ್ಚಲಲ್ಲಿ ಮೈಯುಜ್ಜಲು ತೂಗುಹಾಕಿದ್ದ ಒಣಹೀರೇಕಾಯಿಯ ಹೊಸ ಜಾಲರಿಯೊಂದನ್ನು ಆಯಿಯನ್ನು ಕೇಳದೆ ತಂದು ಒರೆಸಿ, ಅಲ್ಲೇ ಮರೆತೆ. ಮರುದಿನ ಬೆಳಗ್ಗೆ ಸ್ನಾನಕ್ಕೆ ಹೊರಟ ಆಯಿ ಹುಡುಕುತ್ತ ಬಂದು, ತೊಟ್ಟಿಗೆ ಕೈಹಾಕಿ ಅದನ್ನು ಎತ್ತಿದಳು. ನಾರಿನ ಒಂದೊಂದು ಕಣ್ಣಿನಲ್ಲೂ ಹುಳ ಮಿಜಿಮಿಜಿ ಎನ್ನುತ್ತಿದ್ದವು. ಕೆಲವು ಅವಳ ಬಳೆಯ ಮೇಲೆ ಉದುರಿದವು. ನಾನು ಹಂಚಿನ ಕಡೆ ನೋಡಿದೆ: ತತ್ತಿ ಹಾಗೆಯೇ ಇದ್ದವು.

“ಹೊಸಾದು ಅಂತ ತಗದಿಟ್ಟಿದ್ದೆ,” ಎಂದಳು ಆಯಿ ನಿಧಾನವಾಗಿ. “ಇದರಾಗ ಒಂದ ಊರ ಕಟ್ಟೀಯಲ್ಲೋ ಕಿರಣಾ.”

ಹುಳಗಳಿಗೆ ಬೇಕಾದದ್ದು ತಿನಿಸಲ್ಲ, ಅಡಗುವ ಜಾಗ. ಎಂ.ಎಸ್ಸಿ. ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆಮೇಲಿನ ಎರಡು ದಿನ ಆಯಿಯೇ ಯಜಮಾನಿ. ತೊಟ್ಟಿಗೆ ಕಂಬಳಿ ಹೊದಿಸಿ ಹಗಲಲ್ಲೇ ಕತ್ತಲು ಮಾಡುವುದು, ಜಾಲರಿ ಇಳಿಬಿಡುವುದು, ತಾಸಿಗೊಮ್ಮೆ ಎತ್ತಿ ಉಪ್ಪುನೀರಿನ ಬಕೆಟ್ಟಿನಲ್ಲಿ ಜಾಡಿಸುವುದು. ಮನೆಯಲ್ಲಿ ಒಂದನ್ನೂ ಕೊಲ್ಲಬಾರದೆಂಬುದು ಅವಳ ಕರಾರು. ಸಂಜೆ ಕಾಕಾ ಬಂದು ಬಕೆಟ್ಟು ಒಯ್ಯುತ್ತಿದ್ದರು. ಅವರ ಅಂಗಡಿಯ ಕಡಲಕುದುರೆ ಮೀನುಗಳು ಜೀವಂತ ಹುಳವಲ್ಲದೆ ಬೇರೇನೂ ತಿನ್ನುವುದಿಲ್ಲ. ಆಯಿಗೆ ಮಾತ್ರ, “ಛಲೋ ಮನಿಗೆ ಕೊಡಾಕತ್ತೇನ್ರಿ ಅಮ್ಮಾರ,” ಎಂದರು. ಆಯಿ ಯಾವ ಮನೆಯೆಂದು ಕೇಳಲಿಲ್ಲ.

ಎಂಟನೆಯ ಸಂಜೆ ದೀಪ ಆರಿಸಿ ಇಬ್ಬರೂ ಸ್ಟೂಲು ಹಾಕಿಕೊಂಡು ಕೂತೆವು. ಪಂಪಿನ ಗುಳುಗುಳು ಬಿಟ್ಟರೆ ಸದ್ದಿಲ್ಲ. ಏಳೂವರೆಗೆ ಮೊಬೈಲಿನ ಬೆಳಕು ಓರೆಯಾಗಿ ಹಿಡಿದೆ. ಮೊದಲು ಧೂಳೆನಿಸಿತು. ಆಮೇಲೆ ಆ ಧೂಳಿಗೆ ಕಣ್ಣಿದ್ದವು. ನೂರಾರು ಮರಿ, ಬೆಳಕಿನತ್ತ ಬರುತ್ತಿದ್ದವು.

ಆಯಿ ಬಹಳ ಹೊತ್ತು ನೋಡಿದಳು. ಎಂಟು ದಿನ ರೆಕ್ಕೆಯಾಡಿಸಿ ತತ್ತಿಗೆ ಗಾಳಿ ಬೀಸಿದ, ಎರಡರಲ್ಲಿ ಸಣ್ಣ ಮೀನೇ ತಾಯಿಯೇನು ಎಂದು ಕೇಳಿದಳು. ಅಲ್ಲ, ಅದು ಅಪ್ಪ ಎಂದೆ.

“ಹಂಗಾರ ಬಾಣಂತನ ಅಪ್ಪಂದು,” ಎಂದಳು. “ಅಂಟಿನುಂಡಿ ಅವಗ ಕೊಡಬೇಕು.”

ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬಾಣಂತಿಯರಿಗೆ ಕೊಡುವ, ಅಂಟು-ಬೆಲ್ಲದ ಎರಡು ಉಂಡಿ ತಂದಳು. ಒಂದು ನನಗೆ. ಇನ್ನೊಂದನ್ನು ಮೀನಿನ ಪರವಾಗಿ, ಅದರ ಎದುರೇ ನಿಂತು ತಿಂದಳು.