ಬುಡನಸಾಬನ ಬೆನ್ನು

ನಮ್ಮಣ್ಣ ಬುಡನಸಾಬನ ಬೆನ್ನನ್ನು ಹೊಗಳದವರು ಸವದತ್ತಿಯಲ್ಲಿ ಯಾರೂ ಇರಲಿಲ್ಲ. ಆ ಬೆನ್ನ ಮೇಲೆ ಕುಳಿತವಳನ್ನು ಮಾತ್ರ ಒಬ್ಬರೂ ಮಾತಾಡಿಸುತ್ತಿರಲಿಲ್ಲ. ಕುಳಿತವಳು ನಾನು, ಮೆಹರುನಬಿ. ಎಳವೆಯಲ್ಲೇ ಪೋಲಿಯೊ ಬಂದು ನನ್ನ ಎರಡೂ ಕಾಲು ಸೋತಿದ್ದವು. ಅಬ್ಬಾ ತೀರಿಕೊಂಡಾಗ ಅಣ್ಣನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಶಾಲೆಗೆ, ಮದುವೆಗೆ, ದರ್ಗಾಕ್ಕೆ, ಕೊನೆಗೆ ಓಟು ಹಾಕುವುದಕ್ಕೂ ಅವನ ಬೆನ್ನೇ ನನ್ನ ಗಾಡಿ.

“ಅಣ್ಣ ಅಂದ್ರ ಹಿಂಗಿರಬೇಕ ನೋಡ್ರಿ” ಎಂದು ದಾರಿಯಲ್ಲಿ ಯಾರಾದರೂ ಅಂದರೆ ಸಾಕು, ಅವನ ನಡಿಗೆಗೆ ಇನ್ನಷ್ಟು ಬಿರುಸು ಬರುತ್ತಿತ್ತು. ಅವನ ಪ್ರೀತಿ ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಸಲೀಸಾಗುತ್ತಿತ್ತು, ನಾಲ್ಕು ಮಾತು ಬೈದು ಕೆಳಗಿಳಿಯುತ್ತಿದ್ದೆ.

ನಾನು ಹೊಲಿಗೆ ಕಲಿತೆ. ಕಾಲಿಲ್ಲದ್ದಕ್ಕೆ ಕೈಮಷೀನು. ಊರ ಹೆಂಗಸರ ಜಂಪರು ಹೊಲಿದು ಹೊಲಿದು ನನ್ನ ತೋಳುಗಳು ಗಂಡಸರ ತೋಳಿನಂತಾಗಿದ್ದವು. ತೊಂಬತ್ತರ ದಶಕದ ನಡುವೆ ಯಾವುದೋ ಶಿಬಿರದಲ್ಲಿ ಕೈಯಿಂದ ತಿರುಗಿಸಿ ಓಡಿಸುವ ಮೂರುಗಾಲಿ ಸೈಕಲ್ಲು ಸಿಕ್ಕಿತು. ಮೊದಲ ಸಲ ನಾನೇ ಬಜಾರಕ್ಕೆ ಹೋಗಿ ದಾರ ಆರಿಸಿದ ದಿನದ ಖುಷಿ ಏನು ಹೇಳಲಿ! ಅದುವರೆಗೆ ಅಣ್ಣ ತಂದ ಬಣ್ಣವೇ ಬಣ್ಣ. ಗಿಳಿಹಸಿರು ಬೇಕೆಂದರೆ ಬೇವಿನೆಲೆಯ ಹಸಿರು ತರುವವನು ಅವನು. ತಪ್ಪು ತೋರಿಸಿದರೆ, “ಹಸಿರಂದ್ರ ಹಸಿರಽ ಅಲ್ಲೇನ?” ಎಂದು ತಾನು ಓಡಿಸುವ ಟೆಂಪೋ ಹತ್ತಿ ರಾಮದುರ್ಗದ ದಾರಿ ಹಿಡಿಯುತ್ತಿದ್ದ.

ಆ ವರ್ಷಗಳಲ್ಲೇ ಮನೋಳಿ ರಸ್ತೆಯ ಬದಿಗೆ, ಹಿನ್ನೀರಿನ ದಂಡೆಗುಂಟ ಒಂದು ಕಾಲುದಾರಿ ಮಾಡಿದರು. ಸಕ್ಕರೆ ಕಾಯಿಲೆಯವರು, ಪೆನ್ಶನ್ ತೆಗೆದುಕೊಳ್ಳುವವರು, ಹೊಸದಾಗಿ ಮದುವೆಯಾದವರು ಎಲ್ಲರೂ ಸಂಜೆ ಅಲ್ಲಿಗೇ. ನನ್ನ ಹತ್ತಿರ ಜಂಪರು ಹೊಲಿಸುವ, ನನ್ನ ಜೀವದ ಗೆಳತಿಯೂ ಆದ ದೇವಕ್ಕ ಒಂದು ದಿನ ಬಂದು ಕುಳಿತಳು.

“ತುದೀಗೆ ಒಂದ ದೊಡ್ಡ ಬಂಡೆಗಲ್ಲ ಐತಿ ಮೆಹರೂ. ಅದರ ಮ್ಯಾಲ ಕುಂತ್ರ ಎತ್ತ ನೋಡಿದರೂ ಬರೇ ನೀರ. ಹೊತ್ತ ಮುಳಗೂಮುಂದ ಕೆಂಪ ಸೀರಿ ಒಣಾ ಹಾಕಿದಂಗ ಕಾಣತೈತಿ.”

“ನಡಿ ಹಂಗಾರ, ಹೋಗೂಣು,” ಅಂದೆ.

ಹೋದೆವು. ಅವಳು ಪಕ್ಕದಲ್ಲಿ ನಡೆದು, ನಾನು ಸೈಕಲ್ಲು ತಿರುಗಿಸಿ. ದಾರಿಯ ಬಾಯಲ್ಲಿ ಮೆಟ್ಟಿಲು, ಮೆಟ್ಟಿಲ ಮೇಲೆ ಎರಡು ಕಲ್ಲುಗಂಬ. ದನ ಮತ್ತು ಮೋಟಾರ್ ಸೈಕಲ್ಲು ನುಗ್ಗದಿರಲಿ ಎಂದು ನೆಟ್ಟಿದ್ದಂತೆ. ನಾನು ದನವೂ ಅಲ್ಲ, ಮೋಟಾರ್ ಸೈಕಲ್ಲೂ ಅಲ್ಲ. ಇದ್ದ ಜಾಗವನ್ನೆಲ್ಲ ಸ್ಕೂಟರುಗಳು ಹಿಡಿದಿದ್ದವು. ನನ್ನ ಮೂರುಗಾಲಿಗೆ ಉಳಿದದ್ದು ಡಾಂಬರಿನ ಅಂಚು ಮಾತ್ರ. ಪಕ್ಕದಲ್ಲಿ ಕಬ್ಬಿನ ಲಾರಿಗಳು ಮೈಗೆ ತಾಗುವಂತೆ ಹೋಗುತ್ತಿದ್ದವು. ದೇವಕ್ಕನನ್ನು ಒತ್ತಾಯದಿಂದ ಒಳಗೆ ಕಳಿಸಿದೆ. ಅವಳು ಅರ್ಧಕ್ಕೇ ತಿರುಗಿ ಬಂದು, “ಇವತ್ತ ಏನೂ ಚಂದ ಇಲ್ಲ ಬಿಡ,” ಎಂದು ಸುಳ್ಳು ಹೇಳಿದಳು.

ಈ ಸುದ್ದಿ ಅಣ್ಣನ ಕಿವಿಗೆ ಬಿದ್ದಿತು. ಮುಂದಿನ ಭಾನುವಾರ ಜಳಕ ಮಾಡಿ, ಬಿಳಿ ಅಂಗಿ ಹಾಕಿ, ನನ್ನನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟ. ಆಗ ನನಗೆ ಮೂವತ್ತು ದಾಟಿತ್ತು. ವಾಕಿಂಗಿಗೆ ಬಂದವರೆಲ್ಲ ನಿಂತು ನೋಡಿದರು. ಒಬ್ಬ ಅಜ್ಜ ಅಣ್ಣನಿಗೆ ಕೈಮುಗಿದ. ಸೆರಗು ಎಲ್ಲಿ ಜಾರಿದೆಯೋ, ಕಾಲು ಎಲ್ಲಿ ಜೋತಾಡುತ್ತಿದೆಯೋ ಎಂಬ ಚಿಂತೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಂಡೆಯ ಬಳಿ ಅವನು ನಿಂತು, “ನೋಡಿದ್ಯಾ?” ಅಂದ. ಏದುಸಿರು ಬಿಡುತ್ತಿದ್ದವನ ಮೇಲೆ ಎಷ್ಟು ಹೊತ್ತು ಕೂತು ನೋಡಲಿ? “ನೋಡಿದೆ, ನಡಿ,” ಅಂದೆ. ನಾನು ಕಂಡದ್ದು ಅವನ ಕುತ್ತಿಗೆಯ ಬೆವರು.

ನನಗೆ ಬೇಕಿದ್ದದ್ದು ಇಷ್ಟೇ. ನನ್ನ ತೋಳಿನಿಂದ, ನನ್ನ ಹೊತ್ತಿಗೆ, ಯಾರಿಗೂ ಭಾರವಾಗದೆ ಆ ಬಂಡೆಯವರೆಗೆ ಹೋಗಬೇಕು, ಬೇಸರವಾಗುವ ತನಕ ಕೂರಬೇಕು. ದೊಡ್ಡ ಆಸೆಯೇ ಅಲ್ಲ.

ಹೊಸ ಶತಮಾನ ಹುಟ್ಟಿದ ಮರುವರ್ಷ ಆ ದಾರಿ ರಿಪೇರಿಗೆ ಬಂತು. ನಮ್ಮ ವಾರ್ಡಿನ ಮೆಂಬರ ಶಂಕರೆಪ್ಪ ಒಬ್ಬ ಎಂಜಿನಿಯರನ್ನು ಮನೆಗೆ ಕರೆತಂದ. ಮೆಟ್ಟಿಲ ಪಕ್ಕ ಇಳಿಜಾರು ಮಾಡಬಹುದು, ಕಂಬ ಸರಿಸಬಹುದು, ಅಂಗವಿಕಲರ ಗಾಡಿಗೆಂದು ಬಾಯಲ್ಲೇ ಜಾಗ ಬಿಡಬಹುದು, ಉಪಯೋಗಿಸುವವರು ಇದ್ದಾರೆಯೇ ಎಂದು ಅವರು ಕೇಳಿದರು. ಕೇಳಿದ್ದು ಅಣ್ಣನನ್ನು. ನಾನು ಒಳಗಿನ ಬಾಗಿಲಲ್ಲಿ, ಕೈಯಲ್ಲಿ ಬಟ್ಟೆ ಹಿಡಿದು ಕುಳಿತಿದ್ದೆ.

ಅಣ್ಣ ನಕ್ಕುಬಿಟ್ಟ. “ನಮ್ಮ ತಂಗೀಗೆ ಅದೆಲ್ಲ ಯಾಕ ಬೇಕ್ರೀ ಸಾಹೇಬ್ರ? ನಾ ಇನ್ನೂ ಸತ್ತಿಲ್ಲಲ್ಲ. ನನ್ನ ಬೆನ್ನ ಗಟ್ಟಿ ಐತಿ. ಆಕಿ ಎಲ್ಲಿ ಅಂತಾಳ ಅಲ್ಲಿ ಹೊತಗೊಂಡ ಹೋಗತೇನಿ.”

ಎಂಜಿನಿಯರರ ಕಣ್ಣು ತುಂಬಿ ಬಂದವು. ಎದ್ದು ನಿಂತು ಅಣ್ಣನ ಕೈ ಹಿಡಿದುಕೊಂಡರು. ಇಬ್ಬರು ಗಂಡಸರ ಕೈ ಸೇರಿದಲ್ಲಿಗೆ ನನ್ನ ಇಳಿಜಾರು ಮುಗಿಯಿತು. ಬಂದವರ ಮುಂದೆ ಅವನ ಬೆನ್ನು ಬೇಡ, ಇಳಿಜಾರು ಬೇಕು ಎನ್ನುವುದು ಹೇಗೆ? ಆ ಸಂಜೆ ಅವನು ಜಿಲೇಬಿ ತಂದ. ನಾನು ತಿಂದೆ. ಇಳಿಜಾರಿಗೆಂದು ನೋಡಿದ್ದ ಜಾಗದಲ್ಲಿ ಸಿಮೆಂಟಿನ ಬೆಂಚು ಬಂತು.

ಅವನ ಗಟ್ಟಿ ಬೆನ್ನು ಆಮೇಲೆ ಹೆಚ್ಚು ದಿನ ಬಾಳಲಿಲ್ಲ. ಟೆಂಪೋದ ಸೀಟು, ರಾಮದುರ್ಗದ ರಸ್ತೆಯ ತಗ್ಗುದಿನ್ನೆ, ಮೇಲೆ ನನ್ನ ಭಾರ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋದ. ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿಸಿ, ಇನ್ನು ಒಂದು ಕೊಡ ನೀರು ಕೂಡ ಎತ್ತಬೇಡ ಅಂದರು. ಟೆಂಪೋ ಅವನ ಮಗ ಜುನೇದನ ಕೈಗೆ ಹೋಯಿತು. ಅಣ್ಣ ನನ್ನ ಮುಖ ನೋಡುವುದನ್ನೇ ಬಿಟ್ಟ, ಸಾಲ ತೀರಿಸಲಾರದವನಂತೆ.

ಇತ್ತ ನನ್ನ ತೋಳೂ ಕೈಕೊಟ್ಟಿತು. ಹಗಲೆಲ್ಲ ಮಷೀನು, ಹೊರಗೆ ಹೋದರೆ ಸೈಕಲ್ಲು. ಕಾಲಿನ ಕೆಲಸವನ್ನೂ ತೋಳುಗಳೇ ಮಾಡಬೇಕಲ್ಲ. ಬಲ ಭುಜ ಮೇಲೇಳದಾಯಿತು. ಬೆನ್ನು ಹಿಡಿದು ನರಳುವವನಿಗೆ ನನ್ನ ನೋವನ್ನೂ ಯಾಕೆ ಹೇಳಲಿ ಎಂದು, “ಬಜಾರಕ್ಕ ಹೋಗಾಕ ಮನಸಿಲ್ಲ,” ಅನ್ನುತ್ತಿದ್ದೆ. ಸೈಕಲ್ಲು ಹಿತ್ತಲು ಸೇರಿತು. ಅದರ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು.

ಅವನು ಬೇರೆಯೇ ತಿಳಿದುಕೊಂಡಿದ್ದ. ತಾನು ಅಂದು ಇಳಿಜಾರು ಬೇಡವೆಂದದ್ದಕ್ಕೇ ತಂಗಿ ಮನೆ ಹಿಡಿದಿದ್ದಾಳೆ ಎಂದು. ನನಗೊಂದು ಮಾತೂ ಹೇಳದೆ, ಸೊಂಟದ ಪಟ್ಟಿ ಬಿಗಿದುಕೊಂಡು, ಶಂಕರೆಪ್ಪನ ಮನೆ ಕಟ್ಟೆಯ ಮೇಲೆ ಹೋಗಿ ಹೋಗಿ ಕುಳಿತ. ಅವನನ್ನು ಕಂಡರೆ ಶಂಕರೆಪ್ಪ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದನಂತೆ. ಎರಡು ಮಳೆಗಾಲ ಹೀಗೇ ಕಳೆದು, ಕೊನೆಗೆ ಕೆಲಸವಾಯಿತು.

ಒಂದು ದಿನ ನೋಡಿದರೆ ಸೈಕಲ್ಲು ಅಂಗಳದಲ್ಲಿತ್ತು. ಚೈನಿಗೆ ಎಣ್ಣೆ ಬಿಟ್ಟಿದ್ದ, ಸೀಟು ಒರೆಸಿದ್ದ. “ಏನೂ ಕೇಳಬ್ಯಾಡ, ಟೆಂಪೋ ಹತ್ತ,” ಅಂದ. ಜುನೇದ್ ನನ್ನನ್ನೂ ಸೈಕಲ್ಲನ್ನೂ ಏರಿಸಿ, ಕಾಲುದಾರಿಯ ಬಾಯಲ್ಲಿ ಇಳಿಸಿದ. ನೆಲದ ಮೇಲೆ ಹಳದಿ ಗೆರೆಯ ಚೌಕ, ನಡುವೆ ಗಾಲಿಕುರ್ಚಿಯ ಚಿತ್ರ. ಒಂದು ಸ್ಕೂಟರೂ ಅಲ್ಲಿರಲಿಲ್ಲ. ಕಂಬ ಸರಿದಿತ್ತು. ಬೆಂಚಿದ್ದಲ್ಲಿ ನುಣ್ಣನೆಯ ಇಳಿಜಾರು. ಜುನೇದ್ ಮನೋಳಿಗೆ ಪ್ರಯಾಣಿಕರನ್ನು ಬಿಡಲು ಹೋದ.

“ಹೋಗ ಮೆಹರೂ,” ಅಂದ ಅಣ್ಣ. “ನಿನ್ನ ಕೈಲೇ ಹೋಗ. ನಾ ಮುಟ್ಟೂದಿಲ್ಲ.”

ಭುಜ ಮೇಲೇಳದೆಂದು ಗೊತ್ತಿದ್ದೂ, ಅವನ ಮುಖ ನೋಡಿ ಸೈಕಲ್ಲಿನ ಹಿಡಿಗೆ ಕೈ ಹಾಕಿದೆ. ತಿರುಗಿಸಿದೆ. ಅರ್ಧ ಏರಿದೆ. ಅಲ್ಲಿಗೆ ಭುಜದಲ್ಲಿ ಏನೋ ಕಿತ್ತಂತಾಗಿ ಕೈ ಜೋತುಬಿತ್ತು. ಸೈಕಲ್ಲು ಹಿಂದಕ್ಕೆ ಉರುಳತೊಡಗಿತು. ಅಣ್ಣ ಓಡಿ ಬಂದು ಹಿಂದಿನ ಗಾಲಿಗೆ ಕಲ್ಲು ಇಟ್ಟ. ಹಾಗೇ ಸೊಂಟ ಹಿಡಿದು ನೆಲಕ್ಕೆ ಕುಸಿದ.

ವಾಕಿಂಗ್ ಮುಗಿಸಿ ಬರುತ್ತಿದ್ದ ಗೃಹಸ್ಥನೊಬ್ಬ ನಿಂತ. ಅಣ್ಣನ ಕಡೆ ಬಾಗಿ, “ನಾ ನೂಕಲೇನ್ರಿ ಇವರನ್ನ?” ಅಂದ.

“ನನ್ನ ಯಾಕ ಕೇಳತೀರಿ?” ಅಣ್ಣನ ದನಿ ಒಡೆದಿತ್ತು. “ಆಕೀಗೆ ಕೇಳ್ರಿ. ಆಕೀಗೆ ಬಾಯಿ ಐತಿ.”

ಆ ಮನುಷ್ಯ ಗಾಬರಿಯಾಗಿ ನನ್ನ ಕಡೆ ತಿರುಗಿದ. “ನೂಕಲೇನವ್ವಾ?”

ಇಬ್ಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹಾಗೆ ಯಾರೂ ಎಂದೂ ಕಾದಿರಲಿಲ್ಲ. ಇನ್ನೊಬ್ಬರ ಬೆನ್ನ ಮೇಲೆ ಕೂತು ಆ ಬಂಡೆಯನ್ನು ನಾನು ಒಮ್ಮೆ ನೋಡಿ ಬಂದಾಗಿತ್ತು. “ಬ್ಯಾಡ್ರಿ,” ಅಂದೆ. ಅವನು ಹೋದ.

“ತೋಳ ಬ್ಯಾನಿ ಯಾವಾಗಿಂದ?” ಅಂದ ಅಣ್ಣ.

“ಭಾಳ ದಿನ ಆತು.”

“ಹೇಳಲಿಲ್ಲ ನೀ.”

“ನೀ ಕೇಳಲಿಲ್ಲ ಭಯ್ಯಾ.”

ಅವನು ಇಳಿಜಾರಿನ ಸಿಮೆಂಟನ್ನು ಅಂಗೈಯಿಂದ ಸವರುತ್ತ ಕುಳಿತುಬಿಟ್ಟ. ಕಣ್ಣೀರು ಅವನ ಗಡ್ಡಕ್ಕೆ ಇಳಿಯುತ್ತಿತ್ತು. ಆ ಕಡೆ ಹೊತ್ತು ಮುಳುಗುತ್ತಿತ್ತು. ಅಲ್ಲಿಂದ ನೀರು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಎಡಗೈಯಿಂದ ಬ್ರೇಕು ಹಿಡಿದೆ, ಅವನು ಕಲ್ಲು ತೆಗೆದ. ಮೆಲ್ಲಗೆ ಹಿಂದಕ್ಕೆ ಇಳಿದು, ಹಳದಿ ಚೌಕದೊಳಗೆ ಜುನೇದನ ದಾರಿ ಕಾಯುತ್ತ ಕುಳಿತೆವು.