ರುಂಬಾ ನಿಲ್ಲುವವರೆಗೆ

೧೯೮೫ರ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಕುಲಶೇಖರದ ಉಮಾವತಿ ಕುದ್ರೋಳಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಮಗಳನ್ನು ಮೂರನೆಯ ಸಲ ಕೇಳಿದರು.

"ಮೈಮೂನಾಳೇ ಬಾಯಿಬಿಟ್ಟು ಕರೆದದ್ದಾ?"

"ಹೌದಮ್ಮ. ಉಮಕ್ಕನನ್ನು ಕರ್ಕೊಂಡೇ ಬಾ ಅಂತ ಹೇಳಿದ್ದಾರೆ" ಎಂದಳು ಸ್ನೇಹಲತಾ, ಕಿಟಕಿಯ ಹೊರಗೆ ನೋಡುತ್ತ.

ಮೈಮೂನಾ ಹಾಗೇನೂ ಹೇಳಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಕುದ್ರೋಳಿಯ ಮನೆಯಲ್ಲಿ ಮೈಮೂನಾರ ಮಗಳು ನಾಝಿಮಾ, "ಉಮಕ್ಕನೇ ಬರ್ತೇನೆಂತ ಹಟ ಹಿಡಿದಿದ್ದಾರೆ ಉಮ್ಮ, ನಾನೆಂತ ಮಾಡುದು?" ಎಂದು ತಾಯಿಯನ್ನು ನಂಬಿಸುತ್ತಿದ್ದಳು. ಎರಡು ಸುಳ್ಳನ್ನೂ ಒಂದೇ ದಿನ, ಒಂದೇ ಐಸ್‌ಕ್ರೀಮ್ ಅಂಗಡಿಯಲ್ಲಿ ಕುಳಿತು ಇಬ್ಬರೂ ಸೇರಿ ಹೆಣೆದಿದ್ದರು.

ಉಮಾವತಿ ಮತ್ತು ಮೈಮೂನಾ ಹದಿನೆಂಟು ವರ್ಷ ಕುದ್ರೋಳಿಯಲ್ಲಿ ಅಕ್ಕಪಕ್ಕದ ಮನೆಯವರು. ನಡುವಿನ ಗೋಡೆಯ ಮೇಲಿಂದ ಮೀನು ಸಾರಿನ ಪಾತ್ರೆ, ಒಣಗಿದ ಬಟ್ಟೆ, ಅಳುವ ಮಕ್ಕಳು, ಎಲ್ಲವೂ ದಾಟುತ್ತಿದ್ದವು. ಉಮಾವತಿಯ ಸಂಸಾರ ಕುಲಶೇಖರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಹೋದ ಮೇಲೂ ವಾರಕ್ಕೊಮ್ಮೆ ಒಬ್ಬರು ಇನ್ನೊಬ್ಬರಲ್ಲಿಗೆ ಬರುತ್ತಿದ್ದರು. ಅದು ನಿಂತದ್ದು ಎಂಬತ್ತರ ಏಪ್ರಿಲ್‌ನಲ್ಲಿ, ಉಮಾವತಿಯ ಮಗ ಚಿತ್ತರಂಜನನ ಮದುವೆಯ ದಿನ.

ಮೈಮೂನಾರ ಗಂಡ ಅಹ್ಮದ್ ಬಾವರಿಗೆ ರೇಡಿಯೋ ರಿಪೇರಿಯ ಅಂಗಡಿ ಇತ್ತು. ಜೊತೆಗೆ ಮದುವೆ, ಸಭೆಗಳಿಗೆ ಮೈಕ್ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದರು. ಚಿತ್ತರಂಜನನ ಮದುವೆಗೆ ಬಾಡಿಗೆ ಬೇಡವೆಂದು ತಾವೇ ಸೆಟ್ಟು ತಂದು ಚಪ್ಪರದಲ್ಲಿ ಹೂಡಿದರು. ಧಾರೆಯ ಹೊತ್ತಿಗೆ ಪುರೋಹಿತರು ಮೈಕಿನ ಮುಂದೆ ಬಾಯಿ ತೆರೆದದ್ದೇ ತಡ, ಕುಂಯ್ ಎಂದು ಕಿವಿ ಹರಿಯುವಂಥ ಸೀಟಿ. ನಿಲ್ಲಿಸಿದರೆ ನಿಲ್ಲುತ್ತದೆ, ಮಂತ್ರ ಶುರುವಾದರೆ ಅದೂ ಶುರು. ಕೂಸುಗಳೆಲ್ಲ ಒಟ್ಟಿಗೆ ಅತ್ತವು. ಬಾವ ಬೆವರುತ್ತ ವಯರು ಹಿಡಿದು ಓಡಾಡಿದರು. ಆಗ ಉಮಾವತಿ ಎಲ್ಲರ ಎದುರಿಗೆ, "ಎಲ್ಲಿಂದ ತಂದ್ರಿ ಈ ಹಳೆ ಡಬ್ಬ? ನನ್ನ ಮಗನ ಮದುವೆ ಹಾಳು ಮಾಡ್ಲಿಕ್ಕಾ?" ಎಂದುಬಿಟ್ಟರು. ಬೆಳಗ್ಗಿನಿಂದ ಅವರ ಪಕ್ಕದಲ್ಲೇ ಕುಳಿತು ಮಲ್ಲಿಗೆ ಹಂಚುತ್ತಿದ್ದ ಮೈಮೂನಾ ಹೂವಿನ ಬುಟ್ಟಿ ಕೆಳಗಿಟ್ಟು, ಗಂಡನನ್ನೂ ಕಾಯದೆ ಹೊರಟುಹೋದರು.

ಐದು ವರ್ಷ ಮಾತಿಲ್ಲ. ಡಬ್ಬವನ್ನು ಡಬ್ಬ ಎನ್ನದೆ ಇನ್ನೇನು ಎನ್ನಬೇಕಿತ್ತು ಎಂದು ಉಮಾವತಿ. ಬಾಡಿಗೆಯೂ ಇಲ್ಲದೆ ದುಡಿದವನಿಗೆ ಅಂಥ ಮಾತು ಹೇಳುವುದೇ ಎಂದು ಮೈಮೂನಾ. ಹೆಣ್ಣುಮಕ್ಕಳಿಬ್ಬರು ಮಾತ್ರ ತಮ್ಮ ಪಾಡಿಗೆ ಗೆಳತಿಯರಾಗಿ ಉಳಿದಿದ್ದರು.

ಈಗ ನಾಝಿಮಾ ಬಿ.ಕಾಂ. ಪಾಸಾಗಿದ್ದಳು. ಆ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಹುಡುಗಿ. ಅದಕ್ಕೇ ಈ ಭಾನುವಾರದ ಪಾರ್ಟಿ. ಮೈಮೂನಾರ ತಮ್ಮ ಕಾಸಿಂ ದುಬೈಯಿಂದ ರಜೆಯಲ್ಲಿ ಬಂದವನು ಅಕ್ಕನ ಮಗಳಿಗೆಂದು ಒಂದು ಇಲೆಕ್ಟ್ರಾನಿಕ್ ಕೀಬೋರ್ಡ್ ತಂದಿದ್ದ. ಮೊಣಕಾಲ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದಕ್ಕೆ ಕೊಳಲು, ಮತ್ತೊಂದಕ್ಕೆ ಯಾರೂ ಬಾರಿಸದೆ ತಾನಾಗಿ ರುಂಬಾ ತಾಳ. ಅದನ್ನು ನೋಡಿ ಸ್ನೇಹಲತಾಳಿಗೆ ಪಾರ್ಟಿಯ ಆಟ ಹೊಳೆದಿತ್ತು. ಅವಳು ಸುರತ್ಕಲ್ಲಿನ ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಅವಳ ಕ್ಲಾಸಿನಲ್ಲಿ ಹುಡುಗಿಯರು ಮೂವರೇ.

ಆಟ ಸರಳ. ಒಂದು ಬಿಸ್ಕತ್ತಿನ ಡಬ್ಬದಲ್ಲಿ ನಲುವತ್ತು ಚೀಟಿ. ಪ್ರತಿಯೊಂದರಲ್ಲೂ ಇಲೆಕ್ಟ್ರಾನಿಕ್ ಸಂಗೀತದ ಒಂದು ಶಬ್ದ: ಎಕೋ, ಸ್ಟೀರಿಯೋ, ಡ್ರಮ್ ಮೆಷಿನ್, ಸಿಂಥಸೈಜರ್, ಹೀಗೆ. ಜೋಡಿಯಲ್ಲಿ ಒಬ್ಬರು ಚೀಟಿ ಎತ್ತಬೇಕು, ಆ ಶಬ್ದವನ್ನು ಹೇಳದೆ, ಕೈಸನ್ನೆ ಮಾಡದೆ, ಇಂಗ್ಲಿಷ್ ಬಳಸದೆ ಮನೆಮಾತಿನಲ್ಲೋ ಕನ್ನಡದಲ್ಲೋ ಅದನ್ನು ವಿವರಿಸಬೇಕು. ಇನ್ನೊಬ್ಬರು ಊಹಿಸಬೇಕು. ಅರ್ಥ ಗೊತ್ತಿಲ್ಲದಿದ್ದರೆ ಮೊದಲೇ ಸ್ನೇಹಲತಾಳ ಹತ್ತಿರ ಕಿವಿಯಲ್ಲಿ ಕೇಳಬಹುದು. ಸಮಯ ಒಂದು ನಿಮಿಷ. ಗಡಿಯಾರದ ಬದಲು ಕೀಬೋರ್ಡಿನ ರುಂಬಾ; ಅದು ನಿಂತರೆ ಮುಗಿಯಿತು. ರುಂಬಾದ ಉಸ್ತುವಾರಿ ಅಹ್ಮದ್ ಬಾವರದ್ದು. ಅವರು ಕೀಬೋರ್ಡನ್ನು ಮಡಿಲಲ್ಲಿಟ್ಟು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು ಬಹಳ ಗಂಭೀರವಾಗಿ ಕುಳಿತಿದ್ದರು.

ಉಮಾವತಿ ಒಳಗೆ ಬಂದಾಗ ಮೈಮೂನಾ, "ಬಂದ್ರಾ" ಎಂದರು. ಇವರು "ಬಂದೆ" ಎಂದರು. ಅಷ್ಟೇ. ತಾನು ಬಗ್ಗಲಿಲ್ಲ, ಅವಳೇ ಬಗ್ಗಿದ್ದು ಎಂಬ ಸಮಾಧಾನ ಇಬ್ಬರ ಮುಖದಲ್ಲೂ ಒಂದೇ ರೀತಿ ಇತ್ತು.

ಜೋಡಿಗಳನ್ನು ಚೀಟಿ ಎತ್ತಿ ಆರಿಸಲಾಯಿತು. ಮೊದಲು ಬಂದದ್ದು ಕಾಸಿಂ ಮತ್ತು ನೆರೆಮನೆಯ ಶೀನಪ್ಪ. ಶೀನಪ್ಪನವರು ಪೋಸ್ಟ್ ಆಫೀಸಿನಿಂದ ನಿವೃತ್ತರಾದವರು. ಏನು ಕೇಳಿದರೂ ಉತ್ತರ ಕೊಡದೆ ಬಿಡುವವರಲ್ಲ. ಕಾಸಿಂ ಚೀಟಿ ನೋಡಿ ನಕ್ಕ.

"ಬೇರೆ ಬೇರೆ ಶಬ್ದವನ್ನೆಲ್ಲ ಒಟ್ಟಿಗೆ ಸೇರಿಸಿ ಕೊಡುವಂಥದ್ದು ಶೀನಪ್ಪಣ್ಣ."

"ಮದುವೆ ಮನೆ."

"ಅಲ್ಲ. ಯಂತ್ರ. ಅದೇ ಹೆಸರಿಂದು ನಿಮ್ಮ ಅಡುಗೆಮನೆಯಲ್ಲೂ ಉಂಟು. ತಿರುಗ್ತದೆ, ದೊಡ್ಡ ಶಬ್ದ ಮಾಡ್ತದೆ."

"ನನ್ನ ಹೆಂಡತಿ."

"ಚಟ್ನಿ ಮಾಡುದು ಮಾರಾಯ್ರೆ."

"ಅವಳೇ ಮಾಡುದು. ನಾನು ಮಾಡ್ತೇನಾ?"

ರುಂಬಾ ನಿಂತಿತು. ಶಬ್ದ 'ಮಿಕ್ಸರ್' ಎಂದು ತಿಳಿದಾಗ ಶೀನಪ್ಪನವರು, ತಮ್ಮ ಮನೆಯಲ್ಲಿರುವುದು ಅರೆಯುವ ಕಲ್ಲು, ಹಾಗಾಗಿ ಪ್ರಶ್ನೆಯೇ ತಪ್ಪು ಎಂದು ವಾದಿಸಿದರು. ಕೋಣೆಯೆಲ್ಲ ನಗುವಿನಿಂದ ತುಂಬಿತು. ನಾಝಿಮಾಳ ಗೆಳತಿ ಬೆನಿಟಾ 'ಎಕೋ'ವನ್ನು "ನಾನು ಬೈದರೆ ಬಾವಿ ತಿರುಗಿ ಬೈಯುದು" ಎಂದು ಹೇಳಿ ನಾಲ್ಕೇ ಸೆಕೆಂಡಿನಲ್ಲಿ ಗೆದ್ದಳು.

ಮುಂದಿನ ಜೋಡಿಯ ಹೆಸರನ್ನು ನಾಝಿಮಾ ಓದಿದಳು. "ಉಮಕ್ಕ. ಮತ್ತೆ... ನಮ್ಮ ಉಮ್ಮ."

ಜೋಡಿಯಲ್ಲಿ ಹುಡುಗಿಯರ ಕೈವಾಡ ಇತ್ತೆಂಬುದನ್ನು ಅವರು ಆಮೇಲೆ ಒಪ್ಪಿಕೊಂಡರು. ಆದರೆ ಶಬ್ದದ ಚೀಟಿಯನ್ನು ತಾವು ಮುಟ್ಟಲೇ ಇಲ್ಲ ಎಂದು ಇಬ್ಬರೂ ಆಣೆ ಹಾಕಿದರು. ಅದನ್ನು ಯಾರೂ ನಂಬಲಿಲ್ಲ.

ಉಮಾವತಿ ಡಬ್ಬಕ್ಕೆ ಕೈ ಹಾಕಿ ಚೀಟಿ ತೆಗೆದರು. 'ಫೀಡ್‌ಬ್ಯಾಕ್' ಎಂದಿತ್ತು. ಕೇಳರಿಯದ ಶಬ್ದ. ಮಗಳನ್ನು ಕರೆದು ಕಿವಿ ಒಡ್ಡಿದರು.

"ಸ್ಪೀಕರಿಂದ ಬಂದ ಶಬ್ದವೇ ತಿರುಗಿ ಮೈಕಿನ ಒಳಗೆ ಹೋಗುದಮ್ಮ" ಎಂದು ಸ್ನೇಹಲತಾ ಪಿಸುಗುಟ್ಟಿದಳು. "ಅಲ್ಲಿಂದ ಪುನಃ ಸ್ಪೀಕರಿಗೆ, ಪುನಃ ಮೈಕಿಗೆ. ಸುತ್ತಿ ಸುತ್ತಿ ಕೊನೆಗೆ ಸೀಟಿ ಹೊಡೀತದೆ."

ಉಮಾವತಿಯ ಹುಬ್ಬು ಗಂಟಿಕ್ಕಿತು. "ಅದು ಮೆಷಿನು ಹಾಳಾದರೆ ಅಲ್ಲವಾ?"

"ಅಲ್ಲ. ಎಷ್ಟು ಒಳ್ಳೆ ಮೆಷಿನಾದರೂ ಆಗ್ತದೆ. ಸ್ಪೀಕರಿನ ಮುಖ ಮೈಕಿನ ಕಡೆ ತಿರುಗಿದ್ದರೆ ಸಾಕು."

ಬಾವ ಗುಂಡಿ ಒತ್ತಿದರು. ರುಂಬಾ ಶುರುವಾಯಿತು.

ಉಮಾವತಿಗೆ ನೆನಪಾಗಿತ್ತು. ಆ ದಿನ ಬೆಳಿಗ್ಗೆ ಬಾವ ಸ್ಪೀಕರಿನ ಎರಡು ಹಾರ್ನುಗಳನ್ನೂ ರಸ್ತೆಯ ಕಡೆಗೆ ಮುಖ ಮಾಡಿ ಕಟ್ಟಿದ್ದರು. ಚಪ್ಪರದೊಳಗೆ ಹಿಂದಿನ ಸಾಲಿನಲ್ಲಿದ್ದ ಹೆಂಗಸರು ಏನೂ ಕೇಳುವುದಿಲ್ಲ ಎಂದು ಗೊಣಗಿದರು. ಬಾವ ಚಾ ಕುಡಿಯಲು ಹೋಗಿದ್ದಾಗ, ಜರಿ ಸೀರೆ ಉಟ್ಟು, ತಲೆತುಂಬ ಹೂ ಮುಡಿದ ಉಮಾವತಿ ಸ್ಟೂಲು ಹತ್ತಿ ಒಂದು ಹಾರ್ನನ್ನು ಒಳಕ್ಕೆ ತಿರುಗಿಸಿದ್ದರು. ಸರಿಯಾಗಿ ಮಂಟಪದ ಕಡೆಗೆ. ಇಷ್ಟು ಸಣ್ಣ ಕೆಲಸ ಎಂದು ಯಾರಿಗೂ ಹೇಳಿರಲಿಲ್ಲ. ಮತ್ತೆ ಯೋಚಿಸಿಯೂ ಇರಲಿಲ್ಲ.

"ಅಮ್ಮ, ಟೈಮ್ ಹೋಗ್ತಾ ಉಂಟು."

ಉಮಾವತಿ ಎದುರಿಗೆ ಕುಳಿತವರನ್ನು ನೋಡಿದರು. ಮೈಮೂನಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕಾಯುತ್ತಿದ್ದರು. ಸುಮ್ಮನಿದ್ದು ಸೋಲಬಹುದಿತ್ತು. ಆಟವಲ್ಲವೇ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಚಿತ್ತರಂಜನನ ಮದುವೆಯಲ್ಲಿ ಆದದ್ದು" ಎಂದರು ಉಮಾವತಿ.

ನಗುತ್ತಿದ್ದವರು ನಿಲ್ಲಿಸಿದರು. ರುಂಬಾ ಮಾತ್ರ ಟಕಟಕ ಎನ್ನುತ್ತಿತ್ತು.

"ಧಾರೆಯ ಹೊತ್ತಿಗೆ ಒಂದು ಸೀಟಿ ಬಂತಲ್ಲ? ಅದು ಮೆಷಿನಿನ ತಪ್ಪಲ್ಲವಂತೆ. ಹಾರ್ನು ಮೈಕಿನ ಕಡೆ ತಿರುಗಿತ್ತಂತೆ. ಅದಕ್ಕೆ ಅದರ ಶಬ್ದ ಅದಕ್ಕೇ ಕೇಳಿ ಕೂಗಿದ್ದು."

ಮೈಮೂನಾ ಏನೂ ಊಹಿಸಲಿಲ್ಲ. "ಹ್ಞೂಂ. ಮತ್ತೆ?"

"ಬಾವ ಸರಿಯಾಗಿಯೇ ಕಟ್ಟಿದ್ದರು. ತಿರುಗಿಸಿದ್ದು ಬೇರೆಯವರು."

"ಯಾರು?"

"ಅದು ಆಟಕ್ಕೆ ಬೇಡ."

"ಬೇಕು. ಇಲ್ಲದಿದ್ದರೆ ನನಗೆ ಶಬ್ದ ಹೊಳಿಯುದಿಲ್ಲ."

"ನಾನು" ಎಂದರು ಉಮಾವತಿ. "ಸ್ಟೂಲು ಹತ್ತಿ ತಿರುಗಿಸಿದೆ. ಮತ್ತೆ ಬಾವನಿಗೆ ಬಾಯಿಗೆ ಬಂದದ್ದು ಹೇಳಿದೆ. ಇಷ್ಟು ವರ್ಷ ನಾನು ಹೇಳಿದ್ದೇ ಸರಿ ಅಂತ ಕೂತೆ. ನನಗೆ ಈಗ, ಈ ಚೀಟಿ ತೆಗೆದ ಮೇಲೆ ಗೊತ್ತಾದ್ದು ಮೈಮೂನಾ. ಗೊತ್ತಿದ್ದು ಸುಮ್ಮನಿದ್ದದ್ದಲ್ಲ. ಆ ಮಾತು ಹೇಳಬಾರದಿತ್ತು. ಮೆಷಿನು ಹಾಳಾಗಿದ್ದರೂ ಹೇಳಬಾರದಿತ್ತು."

ರುಂಬಾ ಇನ್ನೂ ನಡೆಯುತ್ತಲೇ ಇತ್ತು. ಬಾವ ಕೈಗಡಿಯಾರ ನೋಡುವುದನ್ನು ಮರೆತು ಎಷ್ಟೋ ಹೊತ್ತಾಗಿತ್ತು.

"ಫೀಡ್‌ಬ್ಯಾಕ್" ಎಂದರು ಮೈಮೂನಾ.

ಸ್ನೇಹಲತಾ ಬೆರಗಾಗಿ ನೋಡಿದಳು. "ಮೈಮೂನಕ್ಕ, ನಿಮಗೆ ಗೊತ್ತಿತ್ತಾ?"

"ರೇಡಿಯೋ ರಿಪೇರಿಯವನ ಹೆಂಡತಿ ನಾನು. ಆ ದಿನದಿಂದ ಮೂರು ತಿಂಗಳು ಇವರು ಊಟ ಮಾಡುವಾಗಲೂ ಅದನ್ನೇ ಹೇಳ್ತಿದ್ದರು. ಫೀಡ್‌ಬ್ಯಾಕ್ ಹೇಗಾಯ್ತು, ನಾನು ಸರಿಯಾಗಿ ಕಟ್ಟಿದ್ದೆ, ಫೀಡ್‌ಬ್ಯಾಕ್ ಹೇಗಾಯ್ತು ಅಂತ." ಮೈಮೂನಾ ಉಮಾವತಿಯ ಕಡೆ ತಿರುಗಿದರು. "ಸೀಟಿ ಅಂದ ಕೂಡಲೇ ನನಗೆ ಉತ್ತರ ಗೊತ್ತಾಯ್ತು. ಇನ್ನೂ ಸ್ವಲ್ಪ ಹೇಳ್ಲಿ ಅಂತ ಸುಮ್ಮನಿದ್ದೆ."

ಮೊದಲು ನಕ್ಕದ್ದು ಉಮಾವತಿಯೇ. ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ಆಮೇಲೆ ಶೀನಪ್ಪನವರು ಆಕ್ಷೇಪ ಎತ್ತಿದರು. ನಿಮಿಷ ಮುಗಿದು ಎರಡನೆಯ ನಿಮಿಷವೂ ಕಳೆದಿದೆ, ಈ ಅಂಕ ಸಲ್ಲದು ಎಂದು. ರುಂಬಾ ನಿಲ್ಲುವವರೆಗೆ ಸಮಯ ಎಂಬುದೇ ನಿಯಮ, ರುಂಬಾ ನಿಂತಿಲ್ಲ ಎಂದು ಕಾಸಿಂ. ವಾದ ಹತ್ತು ನಿಮಿಷ ನಡೆಯಿತು. ಕೊನೆಗೆ ಅರ್ಧ ಅಂಕ ಎಂದು ತೀರ್ಮಾನವಾಯಿತು.

ಉಮಾವತಿ ಎದ್ದು ಬಾವರ ಹತ್ತಿರ ಹೋದರು. "ಬಾವ, ಆ ಸೆಟ್ಟು ಒಳ್ಳೆದೇ ಇತ್ತು."

"ಅದೀಗ ಇಲ್ಲ ಉಮಕ್ಕ" ಎಂದರು ಬಾವ, ಕೀಬೋರ್ಡಿನ ಮೇಲೆ ಕೈಯಾಡಿಸುತ್ತ. "ಆ ವರ್ಷವೇ ಮಾರಿದೆ. ಯಾರೂ ಎಂತದೂ ಹೇಳ್ಲಿಲ್ಲ. ನನಗೇ ಮೈಕಿನ ಮುಂದೆ ಯಾರಾದರೂ ಬಾಯಿ ತೆರೆದರೆ ಹೆದರಿಕೆ ಆಗ್ತಿತ್ತು. ಈಗ ಅಂಗಡಿಯಲ್ಲಿ ಕ್ಯಾಸೆಟ್ ಮಾರ್ತೇನೆ. ಇದೇ ಒಳ್ಳೆದು, ಬೆಳಗ್ಗಿನ ಜಾವ ಎದ್ದು ಹಾರ್ನು ಕಟ್ಟಲಿಕ್ಕೆ ಮರ ಹತ್ತುವ ಕೆಲಸ ಇಲ್ಲ."

ಉಮಾವತಿಗೆ ಇದು ಗೊತ್ತಿರಲಿಲ್ಲ. ನಗು ಇಳಿದುಹೋಯಿತು. ಅಷ್ಟರಲ್ಲಿ ಮೈಮೂನಾ ಸಮೋಸ ಮತ್ತು ಬಾಳೆಹಣ್ಣಿನ ಪೋಡಿಯ ತಟ್ಟೆ ಹಿಡಿದುಕೊಂಡು ಬಂದರು.

"ಇವರು ಹಾಗೆಯೇ ಹೇಳುದು. ಇವರಿಗೆ ಕೋಪ ಬರುದಿಲ್ಲ, ನನಗೆ ಬರ್ತದೆ. ಆ ದಿನ ಕೇಳಿದ್ದು ಮುನ್ನೂರು ಜನ. ಇವತ್ತು ಇಲ್ಲಿರುದು ಹನ್ನೊಂದು."

"ಮುನ್ನೂರು ಜನರನ್ನು ಈಗ ಎಲ್ಲಿಂದ ತರುದು ಮಾರಾಯ್ತಿ?"

"ನಿಮ್ಮಲ್ಲಿ ಮುಂದಿನ ಕಾರ್ಯಕ್ರಮ ಯಾವಾಗ?"

"ಜನವರಿಯಲ್ಲಿ. ಮೊಮ್ಮಗಳ ಹುಟ್ಟುಹಬ್ಬ."

"ಹಾಗಾದರೆ ಆವತ್ತು ಎಲ್ಲರೆದುರು ಹೇಳಿ" ಎಂದು ಮೈಮೂನಾ ತಟ್ಟೆ ಮುಂದೆ ಹಿಡಿದರು. ಉಮಾವತಿ "ಆಗಲಿ" ಎಂದು ಒಂದು ಪೋಡಿ ಎತ್ತಿಕೊಂಡರು.

ಉಮಾವತಿ ಮಾತಿಗೆ ತಪ್ಪುವವರಲ್ಲ. ಜನವರಿಯ ಎರಡನೆಯ ಭಾನುವಾರ ಕುಲಶೇಖರದ ಮನೆಗೆ ಬಂಧುಗಳೆಲ್ಲ ಬಂದರು. ಅಹ್ಮದ್ ಬಾವ, ಮೈಮೂನಾ, ನಾಝಿಮಾ ಕೂಡ. ಕೇಕು ಕತ್ತರಿಸಿದ ಮೇಲೆ ಉಮಾವತಿ ಚಾವಡಿಯ ನಡುವೆ ನಿಂತು, ಎರಡು ದಿನದಿಂದ ಅಭ್ಯಾಸ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದರು. ಹಾರ್ನು, ಸ್ಟೂಲು, ಸೀಟಿ, ಡಬ್ಬ, ಯಾವುದನ್ನೂ ಬಿಡಲಿಲ್ಲ.

ಬಂಧುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸೀಟಿಯಾ? ಯಾವ ಸೀಟಿ?" ಎಂದರು ಉಮಾವತಿಯ ದೊಡ್ಡಮ್ಮನ ಮಗಳು ವಾರಿಜಾಕ್ಷಿ. "ಆ ಮದುವೆಯಲ್ಲಿ ಐಸ್‌ಕ್ರೀಮ್ ಸಾಕಾಗದೆ ಹೋದದ್ದು ನನಗೆ ನೆನಪುಂಟು."

"ವ್ಯಾನಿನ ಟಯರು ಪಂಕ್ಚರ್ ಆದದ್ದು" ಎಂದ ಇನ್ನೊಬ್ಬ.

ಸೀಟಿ ಯಾರಿಗೂ ನೆನಪಿರಲಿಲ್ಲ. ಉಮಾವತಿ ಪುನಃ ಮೊದಲಿನಿಂದ ವಿವರಿಸಿದರು. ಆಗಲೂ ಒಬ್ಬಿಬ್ಬರು ಮರ್ಯಾದೆಗೆ ತಲೆಯಾಡಿಸಿದರು, ಅಷ್ಟೆ. ಅಹ್ಮದ್ ಬಾವ ಮಾತ್ರ ಕುರ್ಚಿಯಿಂದ ಎದ್ದು ನಿಂತು, ಹಾರ್ನನ್ನು ಯಾವ ಕೋನದಲ್ಲಿ ಕಟ್ಟಿದ್ದೆ ಎಂದು ಚಿತ್ತರಂಜನನಿಗೆ ಕೈಯಿಂದ ತೋರಿಸತೊಡಗಿದರು. ಬಹಳ ಹೊತ್ತು ತೋರಿಸಿದರು.

ಸಂಜೆ ಉಮಾವತಿ ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದರು. ಬಾವ ಮತ್ತು ನಾಝಿಮಾ ಮುಂದೆ ನಡೆಯುತ್ತಿದ್ದರು.

"ಐದು ವರ್ಷ ನಾವಿಬ್ಬರೇ ನೆನಪಿಟ್ಟುಕೊಂಡದ್ದಾ?" ಎಂದರು ಮೈಮೂನಾ.

"ಹಾಗೆ ಕಾಣ್ತದೆ."

"ಎಂಥ ಜನ ನಿಮ್ಮವರು. ಸ್ವಲ್ಪವಾದರೂ ನೆನಪು ಬೇಡವಾ?"

ಅಲ್ಲಿಂದ ಮಾತು ವಾರಿಜಾಕ್ಷಿಯ ಸೊಸೆಯ ಕಡೆಗೆ, ಅಲ್ಲಿಂದ ನಾಝಿಮಾಳಿಗೆ ಬಂದ ಕೆಲಸದ ಕಡೆಗೆ, ಅಲ್ಲಿಂದ ಬಂಗುಡೆ ಮೀನಿನ ಕಡೆಗೆ ಹೋಯಿತು. ಬಸ್ಸು ಬಂತು. ಬಾವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಿಂದೆ ನೋಡಿದರು; ಹೆಂಗಸರಿಬ್ಬರ ಮಾತು ಇನ್ನೂ ಮುಗಿದಿರಲಿಲ್ಲ. ಮತ್ತೆ ಕಾಲು ಇಳಿಸಿ, ಹೋಗುವಂತೆ ಕಂಡಕ್ಟರಿಗೆ ಕೈ ಬೀಸಿದರು. ನಾಝಿಮಾ ಕಲ್ಲುಬೆಂಚಿನ ಮೇಲೆ ಕುಳಿತು ತಂದೆಗೂ ಜಾಗ ಬಿಟ್ಟಳು.